ಪಿರೋಜಾ ಕಲ್ಲಿಗೆ ಹರಳೆಣ್ಣೆ

ಯುದ್ಧ ನಿಂತು ಇನ್ನೂ ವರ್ಷ ತುಂಬಿರಲಿಲ್ಲ. ಹೊಳೆನರಸೀಪುರದ ನಮ್ಮ ಬಟ್ಟೆ ಅಂಗಡಿಯಲ್ಲಿ ನಾನು ಗಜಕಡ್ಡಿ ಹಿಡಿದು ಮಲ್ಲು ಬಟ್ಟೆ ಅಳೆಯುತ್ತಿದ್ದೆ. ಅಕ್ಕಸಾಲಿ ಆಚಾರ್ರ ಹೆಂಡತಿ ಬಾಗಿಲ ಹತ್ತಿರ ಬಂದು ನಿಂತು, "ಯಾರೋ ದೊರೆಸಾನಿ ಬಂದವ್ರೆ ಕಣಪ್ಪ. ಅವರಂದಿದ್ದು ನಮಗೆ ತಿಳೀದು, ನಾವಂದಿದ್ದು ಅವರಿಗೆ ತಿಳೀದು. ಬಿರ್ರನೆ ಬಾ" ಅಂದರು. ಅಳತೆ ಅರ್ಧಕ್ಕೇ ಬಿಟ್ಟು ಓಡಿದೆ. ಅಪ್ಪ ಹಿಂದಿನಿಂದ ಏನೋ ಕೂಗಿದರು. ಏನು ಕೂಗಿರುತ್ತಾರೆ ಅಂತ ಗೊತ್ತಿದ್ದರಿಂದ ತಿರುಗಿ ನೋಡಲಿಲ್ಲ.

ನನಗೆ ಕಲ್ಲಿನ ಹುಚ್ಚು. ಯಾರೂ ಹೇಳಿಕೊಟ್ಟದ್ದಲ್ಲ. ಮೈಸೂರಿನ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿದ, ರಟ್ಟು ಕಿತ್ತುಹೋಗಿದ್ದ ಒಂದು ಇಂಗ್ಲಿಷ್ ಪುಸ್ತಕವನ್ನು ನಿಘಂಟಿನ ಜೊತೆ ಇಟ್ಟುಕೊಂಡು ಓದಿ ಓದಿ ಹತ್ತಿಸಿಕೊಂಡದ್ದು. ನಮ್ಮೂರ ಸುತ್ತಲ ಗುಡ್ಡಗಳಿಂದ ನೀಲಿ ಸೀಳುಗಲ್ಲು, ಕೆಂಪು ಮಣಿಯಂಥ ಕಲ್ಲು, ಸಾಣೆಗೆ ಬಳಸುವ ಕುರಂದದ ಕಲ್ಲು ಎಲ್ಲ ಆರಿಸಿ ತಂದು ಜಮಖಾನದ ಕಟ್ಟಿನ ಹಿಂದೆ ಬಚ್ಚಿಡುತ್ತಿದ್ದೆ. ಆದರೆ ಹೆಸರು ಗೊತ್ತಿದ್ದರೆ ಸಾಕೇ? ಕಲ್ಲನ್ನು ಸಾಣೆ ಹಿಡಿದು, ಉಜ್ಜಿ, ಬೆಳ್ಳಿಯಲ್ಲಿ ಕೂರಿಸುವ ಕೈ ಬೇಕಲ್ಲ. ಅದಕ್ಕೇ ಒಂದು ವರ್ಷದಿಂದ ಆಚಾರ್ರ ಮನೆಗೆ ಎಡತಾಕುತ್ತಿದ್ದೆ. ಹರಳು ಕೂರಿಸುವುದರಲ್ಲಿ ನಮ್ಮ ಸೀಮೆಗೆ ಅವರದೇ ಎತ್ತಿದ ಕೈ. ಅವರು ನನ್ನನ್ನು ಬಾ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಪಡಸಾಲೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಒಂದು ಹಲಸಿನ ಮಣೆ, ಅದು ಅವರದು. ಅದರ ಪಕ್ಕ ಇನ್ನೊಂದು ಮಣೆ ಹಾಕಿ ಕೂರಿಸಿದರೆ ಶಿಷ್ಯ ಅಂತ ಒಪ್ಪಿಕೊಂಡ ಹಾಗೆ. ನಾನಿನ್ನೂ ಹೊಸ್ತಿಲಾಚೆ ಜಗಲಿಯ ಮೇಲೆ ಕೂತು ಕತ್ತು ಉದ್ದ ಮಾಡಿ ನೋಡುವವನು. ನನಗೆ ಆ ಎರಡನೆಯ ಮಣೆ ಬೇಕಾಗಿತ್ತು. ಊಟ ಮಾಡುವಾಗಲೂ ಅದೇ ಯೋಚನೆ.

ದೊರೆಸಾನಿ ಅಮೆರಿಕದವರು. ನುಗ್ಗೇಹಳ್ಳಿ ಕಡೆಯ ಕಪ್ಪು ಅದಿರು ನೋಡಲು ಬಂದಿದ್ದ ಗಣಿ ಎಂಜಿನಿಯರ್ ಒಬ್ಬರ ಹೆಂಡತಿ, ಹಾಸನದ ಮುಸಾಫರಿ ಬಂಗಲೆಯಲ್ಲಿ ಇಳಿದುಕೊಂಡಿದ್ದರು. ಕೈಯಿಂದ ಬೆಳ್ಳಿಯ ಕಡಗ ತೆಗೆದು ಮುಂದಿಟ್ಟರು. ನಮ್ಮ ಕಡಗದ ಹಾಗೆ ಸುತ್ತಲೂ ಮುಚ್ಚಿದ್ದಲ್ಲ. ಅಗಲವಾದ ಪಟ್ಟಿ, ಒಂದು ಕಡೆ ಬಾಯಿ ಬಿಟ್ಟಿತ್ತು. ಮೈಮೇಲೆ ಏಳು ಕಲ್ಲು ಇರಬೇಕಾದ ಕಡೆ ಆರಿದ್ದವು, ನಡುವಿನ ಮನೆ ಖಾಲಿ. ಅವರ ದೇಶದ ನೈಋತ್ಯ ಮೂಲೆಯಲ್ಲಿ ಒಂದು ದೊಡ್ಡ ಮರಳುಗಾಡಂತೆ. ಅಲ್ಲಿಯ ಮೂಲ ಜನ ಬೆಳ್ಳಿ ಬಡಿದು ಇಂಥದ್ದು ಮಾಡುತ್ತಾರಂತೆ. ಇದು ಅವರ ತಾಯಿಯ ಕೈಯಲ್ಲಿದ್ದದ್ದು, ತಾಯಿ ಈಗಿಲ್ಲ. ಒಂದು ತಿಂಗಳಿಗೆ ಬೊಂಬಾಯಿಗೆ ಹೋಗಿ ಹಡಗು ಹತ್ತಬೇಕು, ಅಷ್ಟರೊಳಗೆ ಸರಿಯಾಗಬೇಕು. ಅರಕಲಗೂಡಿನ ಒಬ್ಬ ಅಕ್ಕಸಾಲಿಗ ಇದನ್ನು ನೋಡಿ, ಇದು ಮೆರುಗು ಕೊಟ್ಟ ಮಣ್ಣು ಅಂತ ವಾಪಸ್ಸು ಕಳಿಸಿದ್ದನಂತೆ.

ಆಚಾರ್ರು ಕಡಗವನ್ನು ಬೆಳಕಿಗೆ ಹಿಡಿದರು. "ಅವಳ ಇದು," ಅಂತ ಕೆಂಪು ಕಲ್ಲು ಮುಟ್ಟಿದರು. ಹವಳ ಅಂತ ನಾನೂ ಬಲ್ಲೆ. ಪಕ್ಕದ ಕಪ್ಪನ್ನು ನಾನು ಬಟ್ಟೆಗೆ ಉಜ್ಜಿ ಹತ್ತಿಯ ಎಳೆಯ ಹತ್ತಿರ ತಂದೆ, ಎಳೆ ಚಂಗನೆ ಹಾರಿ ಅಂಟಿತು. "ಇದು ಇದ್ದಿಲಿನ ಜಾತಿಯ ಕಲ್ಲು ಆಚಾರ್ರೇ, ಮರ ನೆಲದೊಳಗೆ ಹೂತು ಆದದ್ದು," ಅಂದೆ. ದೊರೆಸಾನಿ ನನ್ನ ಮುಖ ನೋಡಿ ನಕ್ಕರು. ನನ್ನ ಕಾಲು ನೆಲ ಮುಟ್ಟುತ್ತಿರಲಿಲ್ಲ. ಇನ್ನೊಂದು ಬೆಳ್ಳಗಿನ ಕಲ್ಲಿಗೆ ಪುಸ್ತಕದಲ್ಲಿದ್ದ ಮೂರು ನಾಲ್ಕು ಹೆಸರು ಹೇಳುತ್ತಿರುವಾಗ ಒಳಗಿನ ಬಾಗಿಲಿಂದ ಒಂದು ದನಿ ಬಂತು: "ಚಿಪ್ಪು ಕಣಪ್ಪೋ ಅದು. ಸಮುದ್ರದ್ದು. ಗೆರೆ ಬಾಗಿರಾದು ಕಾಣಾಕಿಲ್ವಾ?"

ಆಚಾರ್ರ ಒಬ್ಬಳೇ ಮಗಳು. ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದರು. ಚೊಚ್ಚಲ ಬಸುರಿ, ಏಳು ತುಂಬಿ ತವರಿಗೆ ಬಂದಿದ್ದಳು. ಗಂಡು ಮಕ್ಕಳಿಲ್ಲದ ಮನೆಯಲ್ಲಿ ಚಿಕ್ಕಂದಿನಿಂದ ಹಿತ್ತಲಿನ ಸಾಣೆ ಅವಳದೇ. ನಾನು ಬರೀ ಕೇಳಿದ್ದೆ. ಇವತ್ತು ಅವಳು ಹೇಳಿದ್ದು ಸರಿಯಾಗಿತ್ತು. ನನ್ನ ಹೊಟ್ಟೆಯಲ್ಲಿ ಒಂದು ಕೆಂಡ ಬಿದ್ದದ್ದು ಆವಾಗಲೇ.

ಉಳಿದ ಮೂರು ಕಲ್ಲು ಮತ್ತು ಕಳೆದುಹೋದದ್ದು, ಇವೇ ಮುಖ್ಯ. ಅವು ಪಿರೋಜಾ, ಬಾನಿನ ನೀಲಿಯವು. ಆಚಾರ್ರು ಆ ಕಲ್ಲನ್ನು ನೋಡಿದ್ದು ಒಂದೇ ಸಲ, ಮೈಸೂರಿನ ಒಬ್ಬ ಸಾಹೇಬರ ಉಂಗುರದಲ್ಲಿ. "ಇದ್ರೊಳಕ್ಕೆ ಬೆಳಕು ಓಗಾಕಿಲ್ಲ. ಬೆಳಕು ಓಗ್ದೆ ಇದ್ದದ್ದು ಅರಳಲ್ಲ, ಕಲ್ಲು," ಅಂದರು. "ಮೇಲೆ ನೋಡು ಗೆರೆ. ಕಾಗೆ ಕಾಲಿಟ್ಟಂಗೈತೆ. ದೋಸ."

ನಾನು ದೊರೆಸಾನಿಯನ್ನು ಕೇಳಿ ಹೇಳಿದೆ: "ಅವರ ದೇಶದಲ್ಲಿ ಆ ಕಪ್ಪು ಗೆರೆ ಇದ್ದರೇ ಬೆಲೆ ಹೆಚ್ಚಂತೆ ಆಚಾರ್ರೇ. ಜೇಡನ ಬಲೆ ಅಂತಾರಂತೆ."

"ಅಂಗಾದ್ರೆ ನಮ್ಮನೆ ಬಿರುಕು ಬಿಟ್ಟ ಮಡಕೆನೂ ಕಳಿಸ್ತೀನಿ ಅನ್ನು. ಅದೂ ಅಡಗಿನಾಗೆ ಓಗ್ಲಿ."

ಇದನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ಅವರು ಒಂದು ತಗಡಿನ ಡಬ್ಬಿ ಬಿಟ್ಟುಹೋದರು. ಗಂಡ ಗಣಿ ಗಣಿ ತಿರುಗುವಾಗ ಕೂಡಿಸಿಕೊಂಡ ಒಂಬತ್ತು ಪಿರೋಜಾ ಹೆಂಟೆಗಳು. ಆ ದಿನ ಮಧ್ಯಾಹ್ನವೆಲ್ಲ ನಾನು ಅವನ್ನು ಜಗಲಿಯ ಮೇಲೆ ಹರಡಿಕೊಂಡು ಕೂತೆ. ಒಂದೇ ಹೆಸರಿನ ಕಲ್ಲಿಗೆ ಇಷ್ಟು ಮುಖವೇ! ಎರಡು ಬರೀ ಬಾನಿನ ಬಣ್ಣ, ಒಂದು ಗೆರೆಯೂ ಇಲ್ಲ. ಎರಡು ಹಸಿರಿಗೆ ತಿರುಗಿದ್ದವು. ಈ ಕಲ್ಲಿಗೆ ನೀಲಿ ಬರುವುದು ತಾಮ್ರದಿಂದ, ಕಬ್ಬಿಣ ಸೇರಿದರೆ ಹಸಿರಾಗುತ್ತದೆ ಅಂತ ನನ್ನ ಪುಸ್ತಕದಲ್ಲಿತ್ತು. ಒಂದರ ಮೈಮೇಲೆ ಬೆಲ್ಲದ ಪಾಕ ಹರಿದ ಹಾಗೆ ಕಂದು ಪಟ್ಟೆ. ಎರಡು ಸುಣ್ಣದುಂಡೆಯ ಹಾಗೆ ಬೆಳ್ಳಗೆ, ಉಗುರಿಗೆ ಪುಡಿ ಬರುವಂಥವು. ಇನ್ನೆರಡರಲ್ಲಿ ನೀಲಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಕಪ್ಪು ಬಲೆ. ಖಾಲಿ ಮನೆಗೆ ಹೊಂದುವುದು ಆ ಎರಡೇ.

ಮಗಳು ಬಂದು ಗೋಡೆಗೆ ಒರಗಿ ಕೂತಳು. ಸೆರಗಿನ ತುದಿಯಿಂದ ಒಂದು ಚೂರು ಬಳಪ ತೆಗೆದು ಕಟುಮ್ಮನೆ ಕಡಿದಳು. ಬಸುರಿಯರ ಬಯಕೆ ಗೊತ್ತಲ್ಲ, ಇವಳಿಗೆ ಬಳಪ ಮತ್ತು ಒಲೆ ಮಣ್ಣು. ಆಮೇಲೆ ನಾನು ಜೋಡಿಸಿಟ್ಟಿದ್ದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ನಾಲಗೆಗೆ ಮುಟ್ಟಿಸಿದಳು.

"ಇದು ಒಲೆ ಮಣ್ಣಿನಂಗೆ ನಾಲ್ಗೆ ಇಡ್ಕತದೆ. ಇದು ಬಳಪದಂಗೆ ಜಾರ್ತದೆ. ಇದೂ ಇಡ್ಕತದೆ..."

"ಏನಮ್ಮ ಇದು? ನಿನ್ನನ್ನ ಮೊಸಳೆ ಊರಿನ ಕಡೆ ಬಿಟ್ಟರೆ ಅಲ್ಲಿನ ಬಳಪದ ಕಲ್ಲಿನ ಎರಡು ಗುಡಿನೂ ತಿಂದು ಬರ್ತೀಯ," ಅಂದೆ.

"ನಕ್ಕೋ ಪುಸ್ತಕದಣ್ಣ. ನಾಲ್ಗೆ ಇಡ್ಕೊಳ್ಳಾದು ನೀರು ಕುಡಿಯೋ ಕಲ್ಲು. ಕುಡಿಯೋ ಕಲ್ಲಿಗೆ ಏನ್ ತಾಕಿಸಿದ್ರೂ ಒಳಗೆ ಎಳ್ಕತದೆ. ಈ ಬಲೆ ಇರೋ ಎರಡೂ ಅರ್ಧಂಬರ್ಧ ಇಡ್ಕತವೆ. ಜ್ವಾಪಾನ."

ಆಚಾರ್ರು ಒಳಗಿಂದಲೇ ಹೂಂಗುಟ್ಟಿದರು. ನಾನು ಒಂದು ವರ್ಷ ಹೇಳಿದ ಯಾವ ಮಾತಿಗೂ ಹಾಗೆ ಹೂಂಗುಟ್ಟಿರಲಿಲ್ಲ.

ತಡೆಯಲಾಗದೆ ಕೇಳಿಯೇಬಿಟ್ಟೆ. "ಆಚಾರ್ರೇ, ಈ ಕಲ್ಲು ನಾನು ಕಡೀತೀನಿ. ನನಗೆ ಕೊಡಿ."

ಅವರು ಊದುಕೊಳವೆ ಕೆಳಗಿಟ್ಟರು. "ಎರಡವೆ. ಒಂದು ನೀನು ಕಡಿ, ಒಂದು ಅವಳು ಕಡೀಲಿ. ಬೆಳಿಗ್ಗೆ ಸಾಣೆ ನಿಂದು, ಮದ್ಯಾನ ಅವಳದು. ಯಾವುದು ಕಡಗಕ್ಕೆ ಕೂರ್ತದೋ ಅದನ್ನ ಕೂರುಸ್ತೀನಿ. ನಿಂದು ಕೂತ್ರೆ ಮಣೆ ಆಕ್ತೀನಿ, ಓಗು."

ಮೊದಲು ಬೆಳ್ಳಗಿನ ಹೆಂಟೆಯ ಮೇಲೆ ಕೈ ಪಳಗಿಸೋಣ ಅಂದುಕೊಂಡೆ. ಕಡ್ಡಿಯ ತುದಿಗೆ ಅರಗು ಕಾಯಿಸಿ ಅದಕ್ಕೆ ಕಲ್ಲು ಅಂಟಿಸಬೇಕು, ಆಮೇಲೆ ಸಾಣೆಗೆ ಹಿಡಿಯಬೇಕು. ಸಾಣೆ ಅಂದರೆ ಕುರಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಮಾಡಿದ ಚಕ್ರ, ಬಲಗೈಯಲ್ಲಿ ಬಿಲ್ಲು ಎಳೆದು ತಿರುಗಿಸುತ್ತಾ ಎಡಗೈಯಲ್ಲಿ ಕಲ್ಲು ಒತ್ತುವುದು. ನಾನು ಆತುರಕ್ಕೆ ಅರಗನ್ನು ಚೆನ್ನಾಗಿ ಕಾಯಿಸಿ, ಕುದಿಯುತ್ತಿರುವಾಗಲೇ ಕಲ್ಲು ಒತ್ತಿದೆ. ಚಟ್ ಅಂತು. ಕಲ್ಲು ಎರಡು ಹೋಳು. ಒಡೆದ ಕಡೆ ಕೊಳೆತ ಹಸಿರು. ಕೆಂಪು, ನೀಲದ ಹರಳುಗಳು ತಡೆಯುವ ಹಾಗೆ ಇದು ಬಿಸಿ ತಡೆಯುವುದಿಲ್ಲ ಅಂತ ಹೀಗೆ ಕಲಿತೆ.

ಎರಡನೆಯ ದಿನ ಅರಗನ್ನು ಆರಿಸಿ, ಬೆರಳಿಗೆ ತಡೆಯುವಷ್ಟಾದ ಮೇಲೆ ನನ್ನ ಪಾಲಿನ ಬಲೆಯ ಕಲ್ಲನ್ನು ಅಂಟಿಸಿದೆ. ಅಂಟಿತು. ಚಕ್ರಕ್ಕೆ ಹಿಡಿದರೆ ಒಂದೇ ಮಗ್ಗುಲು ಸವೆಯುತ್ತಿತ್ತು. ಕಲ್ಲಿನ ಬೆನ್ನು ಗುಬ್ಬಿ ಮೊಟ್ಟೆಯ ಹಾಗೆ ಉಬ್ಬಿರಬೇಕು, ನನ್ನದು ಮುರಿದ ಸಾಬೂನಿನ ಚೂರಿನ ಹಾಗಾಯಿತು. ಬಿಲ್ಲು ಎಳೆಯುವುದರ ಕಡೆ ಗಮನ ಕೊಟ್ಟರೆ ಎಡಗೈ ಮರೆಯುತ್ತಿತ್ತು, ಎಡಗೈ ನೋಡಿಕೊಂಡರೆ ಬಿಲ್ಲು ನಿಲ್ಲುತ್ತಿತ್ತು. ಬೆರಳ ತುದಿಯ ಚರ್ಮ ಹೋಯಿತು. ಅಂಗಡಿಯಲ್ಲಿ ಬಿಳಿ ಬಟ್ಟೆ ಮುಟ್ಟಿದರೆ ಕೆಂಪು ಚುಕ್ಕೆ. ಅಪ್ಪ, "ನಾಳೆಯಿಂದ ಕೆಂಪು ಸೀರೆ ಮಾತ್ರ ಮಾರು," ಅಂದರು.

ಮಧ್ಯಾಹ್ನ ಅವಳ ಸರದಿ. ನಾನು ಮನೆಗೆ ಹೋಗಬೇಕಾಗಿತ್ತು, ಹೋಗುತ್ತಿರಲಿಲ್ಲ. ಬಾವಿಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಹೊಟ್ಟೆ ಅಡ್ಡ ಬರುತ್ತಿದ್ದರಿಂದ ಅವಳು ಒಂದು ಮಗ್ಗುಲಾಗಿ, ಬರೀ ನೆಲದ ಮೇಲೆ, ಒಂದು ಕಾಲು ಚಾಚಿ ಕೂರುತ್ತಿದ್ದಳು. ನಾಲ್ಕು ಸಲ ಬಿಲ್ಲು ಎಳೆದರೆ ಒಂದು ಸಲ ಕಲ್ಲನ್ನು ನೀರಿಗೆ ಅದ್ದುವುದು, ಕೆನ್ನೆಗೆ ಮುಟ್ಟಿಸಿ ಬಿಸಿ ನೋಡುವುದು, ಮತ್ತೆ ಎಳೆಯುವುದು. ಅವರಮ್ಮನ ಜೊತೆ ಹುರುಳಿ ಬಸ್ಸಾರಿನ ವಿಷಯ ಮಾತಾಡುತ್ತಲೇ ಕಡಿಯುತ್ತಿದ್ದಳು. ಕಲ್ಲಿನ ಕಡೆ ನೋಡುತ್ತಲೂ ಇರಲಿಲ್ಲ! ಕಡ್ಡಿ ಅವಳ ಬೆರಳಲ್ಲಿ ತಾನೇ ತಿರುಗುತ್ತಿತ್ತು. ನಾನು ಓದಿದ್ದ ಪುಟಗಳೆಲ್ಲ ಸುಳ್ಳು ಅನ್ನಿಸುವಷ್ಟು ಸಲೀಸು. ಒಂದು ದಿನವಾದರೂ ಆ ಕಲ್ಲು ಕೈಜಾರಿ ಬಾವಿಗೆ ಬೀಳಬಾರದೇ ಅಂತ ಬಯಸಿದ್ದೇನೆ. ಬರೆಯಲು ನಾಚಿಕೆ, ಆದರೆ ಬಯಸಿದ್ದು ನಿಜ.

ಎರಡನೆಯ ವಾರ ದೊರೆಸಾನಿ ಕೆಲಸ ನೋಡಲು ಬಂದರು. ಹಿತ್ತಲಲ್ಲಿ ಅವಳನ್ನು ನೋಡಿ ಅಲ್ಲೇ ನಿಂತುಬಿಟ್ಟರು. ತಮ್ಮ ಮರಳುಗಾಡಿನಲ್ಲೂ ಒಬ್ಬ ಹೆಂಗಸು ಹೀಗೇ ಮಗ್ಗುಲಾಗಿ ಕೂತು ಕಲ್ಲು ಉಜ್ಜುತ್ತಿದ್ದಳು, ಇಂಥ ಅಲುಗದ ಕೈ ಆಮೇಲೆ ಇವತ್ತೇ ನೋಡಿದ್ದು, ಈ ಕೈಯಿಂದ ಆದದ್ದು ಅಮ್ಮನ ಕಡಗದಲ್ಲಿ ಕೂತರೆ ಅಮ್ಮನಿಗೂ ಸಂತೋಷ ಅಂತ ಉದ್ದಕ್ಕೆ ಹೇಳಿದರು. ಕಣ್ಣು ಒದ್ದೆಯಾಗಿತ್ತು.

"ಏನಂದ್ರು?" ಅಂದಳು ಅವಳು.

"ಚೆನ್ನಾಗಿದೆ ಅಂತಾರೆ."

"ಅಷ್ಟುದ್ದ ಮಾತಾಡಿದ್ರು. ಅಷ್ಟೇನಾ?"

"ಇಂಗ್ಲಿಷು ಉದ್ದ, ಕನ್ನಡ ಗಿಡ್ಡ."

ಅವಳು ನಂಬಿದಳೋ ಇಲ್ಲವೋ, ಬಿಲ್ಲು ಎಳೆದಳು.

ಇಷ್ಟಾದರೂ ನನ್ನ ಕಲ್ಲು ಕೆಟ್ಟದಾಗಲಿಲ್ಲ. ಹದಿನೈದು ದಿನ ಬೆಳಿಗ್ಗೆ ಬೆಳಿಗ್ಗೆ ಒದ್ದಾಡಿ, ಬೆನ್ನು ಉಬ್ಬು ಬಂದು, ಅಂಚು ದುಂಡಾಗಿ, ಮರದ ಬಿಲ್ಲೆಯ ಮೇಲೆ ಭತ್ತದ ಹೊಟ್ಟಿನ ಬೂದಿ ಹಾಕಿ ಉಜ್ಜಿ ಉಜ್ಜಿ ಮೆರುಗನ್ನೂ ಬರಿಸಿದೆ. ಆದರೆ ಅವಳ ಕಲ್ಲಿನ ಪಕ್ಕ ಇಟ್ಟರೆ ಗೊತ್ತಾಗುತ್ತಿತ್ತು. ಎರಡೂ ಸ್ವಲ್ಪ ಪೇಲವವೇ. ಅವಳದ್ದರ ಮೇಲೆ ರೇಷ್ಮೆಯಂಥ ಒಂದು ಕಾಂತಿ, ನನ್ನದರ ಮೇಲೆ ಇಲ್ಲ. ನಾನು ಗಮನಿಸಿದ ಒಂದು ಸಂಗತಿ ಇತ್ತು. ನೀರಲ್ಲಿ ಅದ್ದಿದಾಗ ನನ್ನ ಕಲ್ಲು ಗಾಢ ನೀಲಿಯಾಗಿ, ಬಲೆ ಕಪ್ಪಗೆ ಎದ್ದು ಕಾಣುತ್ತಿತ್ತು. ಒಣಗಿದರೆ ಮತ್ತೆ ಪೇಲವ. ನೀರು ಆರಿಹೋಗುತ್ತದೆ. ಆರದೇ ಇರುವುದು ಯಾವುದು?

ಎಣ್ಣೆ. ನಮ್ಮ ಮನೆಯಲ್ಲಿ ಎಣ್ಣೆ ಅಂದರೆ ಹರಳೆಣ್ಣೆ. ತಲೆಗೆ ಅದೇ, ಕಣ್ಣುರಿಗೆ ಅದೇ, ಅಂಗಾಲಿಗೆ ಅದೇ, ಮಲಬದ್ಧತೆಗೆ ಅದೇ, ಗಾಡಿಯ ಕೀಲಿಗೂ ಅದೇ. ಹರಳಿಗೆ ಹರಳೆಣ್ಣೆ ಅಂತ ನನ್ನಷ್ಟಕ್ಕೆ ನಾನೇ ನಕ್ಕೆ. ಕುಡಿಯೋ ಕಲ್ಲು ಅಂತ ಅವಳು ಹೇಳಿದ್ದು ನೆನಪಿತ್ತು. ಅದನ್ನೇ ತಿರುಗಿಸಿಕೊಂಡೆ: ಕುಡಿಯೋದಾದರೆ ಕುಡಿಸಿದರಾಯಿತು. ಮಧ್ಯಾಹ್ನದ ಊಟ ಆದ ಮೇಲೆ ಅಡುಗೆಮನೆಯಲ್ಲಿ ಬಟ್ಟಲಿಗೆ ಎಣ್ಣೆ ಬಗ್ಗಿಸಿ ಕಲ್ಲು ಹಾಕಿಟ್ಟೆ. ಅಮ್ಮ ನೋಡಿ, "ಕಲ್ಲಿಗೂ ತಲೆ ಕಾದಿದೆಯೇನೋ?" ಅಂದರು. ಮೂರು ದಿನ ಇಟ್ಟೆ. ತೆಗೆದು ಒರೆಸಿದರೆ, ಅಬ್ಬಾ! ಮುಸ್ಸಂಜೆಯ ಬಾನನ್ನು ಕಿತ್ತು ತಂದ ಹಾಗಿತ್ತು.

ಆಚಾರ್ರು ಎರಡು ಕಲ್ಲನ್ನೂ ಅಂಗೈಯಲ್ಲಿಟ್ಟುಕೊಂಡು ಅಂಗಳಕ್ಕೆ ಹೋದರು. ನನ್ನದನ್ನು ಎತ್ತಿ ಕಡಗದ ಪಕ್ಕ ಹಿಡಿದರು. "ಬಣ್ಣ ಇದ್ರದ್ದೇ ಸರಿ ಕೂರ್ತದೆ. ಲೇ, ಎಂಗ್ ಬರ್ಸಿದ್ಯಲಾ ಈ ಬಣ್ಣನ?"

"ಉಜ್ಜಿ ಉಜ್ಜಿ," ಅಂದೆ.

ಮಗಳು ಕೈ ಚಾಚಿದಳು. ನಾನು ತಡೆಯುವಷ್ಟರಲ್ಲಿ ಕಲ್ಲು ಅವಳ ನಾಲಗೆಯ ತುದಿಯ ಮೇಲಿತ್ತು. ಅವಳ ಮುಖ ನೋಡಿದೆ. ಹುಬ್ಬು ಒಂದು ಸಲ ಮೇಲೆ ಹೋಗಿ ಇಳಿಯಿತು. ಕಲ್ಲನ್ನು ಸೆರಗಿಗೆ ಒರೆಸಿ ಅಪ್ಪನ ಕೈಯಲ್ಲಿಟ್ಟು, "ಕೂರ್ಸು," ಅಂತ ಒಳಗೆ ಹೋದಳು.

ಕೂರಿಸುವಾಗ ಇನ್ನೊಂದು ತಮಾಷೆ. ಖಾಲಿ ಮನೆ ಕೆರೆದರೆ ಒಳಗೆ ಮರದ ಹೊಟ್ಟು. ನಾವು ಕಲ್ಲಿನ ಕೆಳಗೆ ಅರಗು ತುಂಬುತ್ತೇವೆ, ಆ ಮರಳುಗಾಡಿನವರು ಮರದ ಹೊಟ್ಟು ತುಂಬಿದ್ದರು. ಮಳೆ ಇಲ್ಲದ ಊರಿಗೆ ಅದು ಸರಿ. ದೊರೆಸಾನಿ ಹಾಸನದಲ್ಲಿ ಕಡಗ ಹಾಕಿಕೊಂಡೇ ಕೈ ತೊಳೆದಿದ್ದಾರೆ, ಹೊಟ್ಟು ಊದಿದೆ, ಕಲ್ಲನ್ನು ಆಚೆ ತಳ್ಳಿದೆ. ಅರಗು ತುಂಬೋಣವೇ ಅಂತ ಕೇಳಿದೆ. "ಬಿಸಿ ಆಗಾಕಿಲ್ಲ ಇದುಕ್ಕೆ. ಅವರು ಮಾಡ್ದಂಗೇ ಮಾಡಾನ," ಅಂತ ಆಚಾರ್ರು ಬಡಗಿಯ ಮನೆಯಿಂದ ಒಂದು ಚಿಟಿಕೆ ಹೊಟ್ಟು ತರಿಸಿ, ಕಲ್ಲು ಇಟ್ಟು, ಸುತ್ತಲ ಬೆಳ್ಳಿಯ ಹಲ್ಲುಗಳನ್ನು ಒಂದೊಂದಾಗಿ ಬಗ್ಗಿಸಿ ಒತ್ತಿದರು. ಕೂತಿತು.

ಬಂದ ಶುಕ್ರವಾರ ಮಣೆ ಹಾಕಿದರು. ಹೊಸದು, ಅರಿಸಿನ ಕುಂಕುಮ ಹಚ್ಚಿ. ಅಗ್ಗಿಷ್ಟಿಕೆಯ ಬಿಸಿ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕೂತೆ. ಆಚಾರ್ರ ಹೆಂಡತಿ ಬೆಲ್ಲದ ಚೂರು ಕೊಟ್ಟರು. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ನನಗೆ ಅವಳ ಮುಖದಲ್ಲಿ ಸೋಲು ಕಾಣಬೇಕಾಗಿತ್ತು. ಅಲ್ಲಿ ಏನಿತ್ತೋ ನನಗೆ ಓದಲು ಬರಲಿಲ್ಲ.

ಎಂಟು ದಿನ ರಾಜನ ಹಾಗೆ ಇದ್ದೆ. ಒಂಬತ್ತನೆಯ ದಿನ, ದೊರೆಸಾನಿ ಬರುವುದಕ್ಕೆ ಎರಡು ದಿನ ಮುಂಚೆ, ಬೆಳ್ಳಿಗೆ ಕೊನೆಯ ಮೆರುಗು ಕೊಡು ಅಂತ ಆಚಾರ್ರು ಕಡಗ ನನ್ನ ಕೈಗೆ ಕೊಟ್ಟರು. ಬಟ್ಟೆ ಬಿಚ್ಚಿದೆ. ನಡುವಿನ ಕಲ್ಲಿನ ಒಂದು ಅಂಚು ಹಸಿರಾಗಿತ್ತು. ಬೆರಳಿಂದ ಒರೆಸಿದೆ. ಹೋಗಲಿಲ್ಲ. ಕಪ್ಪು ಗೆರೆಗಳ ಉದ್ದಕ್ಕೂ ನೀರಿನ ತೊಟ್ಟಿಯ ಗೋಡೆಯ ಹಾಗೆ ಪಾಚಿಯ ಬಣ್ಣ ಹರಿದಿತ್ತು. ಉಳಿದ ಮೂರು ಪಿರೋಜಾ ಪಕ್ಕದಲ್ಲಿ ನೀಲಿಯಾಗಿ ನಗುತ್ತಿದ್ದವು. ಕುಡಿದ ಎಣ್ಣೆ ಒಳಗೆ ಕೊಳೆಯುತ್ತಿತ್ತು.

ಆಚಾರ್ರಿಗೆ ಈಗ ಹತ್ತಿರದ್ದು ಕನ್ನಡಕದಲ್ಲೂ ಸರಿಯಾಗಿ ಕಾಣುತ್ತಿರಲಿಲ್ಲ. ಪಡಸಾಲೆಯ ಬೆಳಕಲ್ಲಿ ಅಂಚಿನ ಹಸಿರು ದೊರೆಸಾನಿಗೂ ಕಾಣದೆ ಹೋಗಬಹುದು. ಕಂಡಾಗ ಅವರು ಸಮುದ್ರದ ನಡುವೆ ಇರುತ್ತಾರೆ. ನಾನು ಮಣೆಯ ಮೇಲಿರುತ್ತೇನೆ. ಇದನ್ನೆಲ್ಲ ಲೆಕ್ಕ ಹಾಕಿದೆ. ಆಮೇಲೆ ಕಡಗ ಹಿಡಿದುಕೊಂಡೇ ಹಿತ್ತಲಿಗೆ ಹೋದೆ. ಅವಳು ಬಾವಿಕಟ್ಟೆಗೆ ಒರಗಿ ಹುರುಳಿ ಆರಿಸುತ್ತಿದ್ದಳು.

"ನಿನಗೆ ಅವತ್ತೇ ಗೊತ್ತಾಗಿತ್ತು."

"ಊಂ. ನಾಲ್ಗೆಗೆ ಇಡೀಲಿಲ್ಲ. ಜಾರ್ತು. ವಾಸ್ನೆನೂ ಬಂತು, ನಮ್ಮಜ್ಜಿ ತಲೆ ವಾಸ್ನೆ."

"ಮತ್ತೆ ಯಾಕೆ ಹೇಳಲಿಲ್ಲ?"

ಅವಳು ಮೊರ ಕೆಳಗಿಟ್ಟಳು. "ಏಳಿದ್ರೆ ಏನನ್ನೋರು? ಅವಳ ಕಲ್ಲು ಕೂರ್ಲಿಲ್ಲ, ಒಟ್ಟೆಕಿಚ್ಚು ಅನ್ನೋರು. ನಿಜಾನೂ ಅಷ್ಟೇಯ. ನಾನು ಆರು ವರ್ಸದೋಳಿದ್ದಾಗಿಂದ ಈ ನೆಲದ ಮ್ಯಾಲೆ ಕುಂತು ಸಾಣೆ ಇಡ್ದಿವ್ನಿ. ನಮ್ಮಪ್ಪ ಒಂದು ದಿನ ನಂಗೆ ಮಣೆ ಆಕ್ಲಿಲ್ಲ. ನೀನು ಒಂದೊರ್ಸ ಜಗ್ಲಿ ಮ್ಯಾಲೆ ಕುಂತು ಅರಳೆಣ್ಣೆ ಹಚ್ಚಿ ಮಣೆ ತಗಂಡೆ. ನಂಗೆ ಉರೀಲಿಲ್ವಾ? ಎಂಗಾರ ಆಗ್ಲಿ, ಆಮ್ಯಾಕೆ ಮುಖಕ್ಕೆ ಮಸಿ ಬಳ್ಕೊಳ್ಳಲಿ ಇವ್ನು ಅಂತ ಸುಮ್ಕಾದೆ." ಒಂದು ಹಿಡಿ ಹುರುಳಿ ಎತ್ತಿಕೊಂಡು ಕಲ್ಲು ಹುಡುಕಿದಳು. "ಚನ್ರಾಯ್ಪಟ್ಣದಾಗೆ ನನ್ನ ಸಾಣೆ ಮುಟ್ಟಾಕೂ ಬುಡಾಕಿಲ್ಲ ಕಣಣ್ಣ. ಈ ಎಳ್ಡ್ ತಿಂಗ್ಳೇಯ."

ಅವಳ ಕೈ ನೋಡಿ ನಾನು ಸುಡುತ್ತಿದ್ದರೆ ನನ್ನ ಮಣೆ ನೋಡಿ ಅವಳು ಸುಡುತ್ತಿದ್ದಳು. ನಡುವೆ ಒಂದು ಕಲ್ಲು ಹಸಿರಾಯಿತು.

"ದೊರೆಸಾನಿ ಅವತ್ತು ಹೇಳಿದ್ದು ಅಷ್ಟೇ ಅಲ್ಲ," ಅಂದೆ. ಪೂರ್ತಿ ಹೇಳಿದೆ. ಮರಳುಗಾಡಿನ ಹೆಂಗಸು, ಅಲುಗದ ಕೈ, ಅಮ್ಮನ ಸಂತೋಷ, ಒಂದೂ ಬಿಡಲಿಲ್ಲ.

ಅವಳು ಮೊರ ಮತ್ತೆ ತೊಡೆಗೆ ಎಳೆದುಕೊಂಡು, "ಕನ್ನಡದಾಗೂ ಉದ್ದನೇ ಐತಲ್ಲ," ಅಂದಳು.

ಪಡಸಾಲೆಗೆ ವಾಪಸ್ಸು ಬಂದು, ಮಣೆಯ ಮೇಲೆ ಕೂರದೆ, ನಿಂತೇ ಆಚಾರ್ರಿಗೆ ಹೇಳಿದೆ. ಬಟ್ಟಲು, ಮೂರು ದಿನ, ಎಲ್ಲ. ಅವರು ಕಡಗವನ್ನು ಬಾಗಿಲ ಬೆಳಕಿಗೆ ಒಯ್ದು ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದರು. ಬಯ್ಯುತ್ತಾರೆ ಅಂತ ಕಾದೆ.

"ಅರಳೆಣ್ಣೆ ನೀನು ಕುಡೀಬೇಕಾಗಿತ್ತು ಕಣ್ಲಾ," ಅಂದರು. "ಒಟ್ಟೇಲಿರಾದೆಲ್ಲ ಎಳೆದು ಆಚೆ ಆಕಾದು. ಕಲ್ಲಿಗ್ಯಾಕ್ಲಾ ಕುಡಿಸ್ದೆ? ಅದರೊಟ್ಟೇಲಿ ಏನಿತ್ತು?"

ಒಳಗಿಂದ ಆಚಾರ್ರ ಹೆಂಡತಿ ನಕ್ಕದ್ದು ಕೇಳಿಸಿತು. ನಾನು ನಗಲಿಲ್ಲ.

ಬೆಳ್ಳಿಯ ಹಲ್ಲುಗಳನ್ನು ಮತ್ತೆ ಬಿಡಿಸುವುದು ಕೂರಿಸುವುದಕ್ಕಿಂತ ಕಷ್ಟ. ಒಂದು ಸಲ ಬಗ್ಗಿದ ಬೆಳ್ಳಿ ಎರಡನೆಯ ಸಲ ಬಗ್ಗಿದರೆ ಮುರಿಯುತ್ತದೆ. ಆಚಾರ್ರು ಒಂದು ದಿನ ಪೂರ್ತಿ ಅದರ ಮೇಲೇ ಕೂತರು. ಎರಡು ಹಲ್ಲು ಮುರಿದವು, ಎರಡನ್ನೂ ಹೊಸದಾಗಿ ಬೆಸೆಯಬೇಕಾಯಿತು. ಉಳಿದ ಪಿರೋಜಾಗಳಿಗೂ ಹವಳಕ್ಕೂ ಚಿಪ್ಪಿಗೂ ಬಿಸಿ ತಾಗದ ಹಾಗೆ ಒದ್ದೆ ಮಣ್ಣು ಮೆತ್ತಿ, ಊದುಕೊಳವೆಯಲ್ಲಿ ಕೂದಲೆಳೆಯಷ್ಟು ಉರಿ ಬಿಟ್ಟರು. ನಾನು ಮಣ್ಣು ಒಣಗದ ಹಾಗೆ ನೀರು ಚಿಮುಕಿಸುತ್ತಾ ಕೂತೆ. ಎಣ್ಣೆ ಹೀರಿದ್ದ ಹೊಟ್ಟನ್ನು ಕೆರೆದು ಹೊಸ ಹೊಟ್ಟು ತುಂಬಿ, ಅವಳ ಕಲ್ಲು ಇಟ್ಟರು. ಬಣ್ಣದಲ್ಲಿ ಪಕ್ಕದವಕ್ಕಿಂತ ಒಂದು ಕೂದಲು ತಿಳಿ. ಆದರೆ ಅದು ಅಲ್ಲೇ ಹುಟ್ಟಿದ ಹಾಗೆ ಕೂತಿತು.

ದೊರೆಸಾನಿ ಬಂದು ಕಡಗ ಹಾಕಿಕೊಂಡು ಮಣಿಕಟ್ಟು ತಿರುಗಿಸಿ ತಿರುಗಿಸಿ ನೋಡಿದರು. ಯಾರು ಕಡಿದದ್ದು ಅಂತ ಕೇಳಿದರು. ಮನೆಯಲ್ಲಿ ಇಂಗ್ಲಿಷ್ ಬರುವವನು ನಾನೊಬ್ಬನೇ. ಅವಳು ಅಂತ ಕೈ ತೋರಿಸಿದೆ. ಅವರು ಹೋಗಿ ಅವಳ ಎರಡು ಕೈಯನ್ನೂ ಹಿಡಿದುಕೊಂಡು ಏನೋ ಹೇಳಿದರು, ಅದನ್ನೂ ಪೂರ್ತಿ ಕನ್ನಡಕ್ಕೆ ಇಳಿಸಿದೆ. ಕಾರು ಹೋಯಿತು.

ನಾನು ಅಭ್ಯಾಸಕ್ಕೆ ಪಡಸಾಲೆಗೆ ಬಂದರೆ ಆಚಾರ್ರು ನನ್ನ ಮಣೆಯ ಕಡೆ ಗದ್ದ ಎತ್ತಿ ತೋರಿಸಿದರು.

"ಎತ್ಕೊ ಅದನ್ನ. ಇತ್ಲಿಗೆ ತಗಂಡೋಗು. ನೆಲದ ಮ್ಯಾಲೆ ಕುಂತು ಕುಂತು ಅವಳಿಗೆ ಸೊಂಟ ನೋಯ್ತದಂತೆ. ಬಿಲ್ಲು ಎಳೆಯಾಕೂ ಆಗಾಕಿಲ್ವಂತೆ ಇನ್ನು. ಚಕ್ರಕ್ಕೆ ಅಗ್ಗ ಸುತ್ತಿವ್ನಿ, ನೀನು ಎದುರಿಗೆ ಕುಂತು ಎಳಿ."

ಮಣೆ ಹಗುರವಾಗಿರಲಿಲ್ಲ. ಎತ್ತಿಕೊಂಡು ಅಡುಗೆಮನೆ ದಾಟಿ, ಹಿತ್ತಲಿಗೆ ಹೋಗಿ, ಸಾಣೆಯ ಮುಂದೆ ಇಟ್ಟೆ. ಅವಳು ಅದನ್ನು ಒಂದು ನಿಮಿಷ ನೋಡಿದಳು. ನನ್ನ ಮುಖ ನೋಡಲಿಲ್ಲ. ಗೋಡೆ ಹಿಡಿದುಕೊಂಡು ನಿಧಾನಕ್ಕೆ ಕೂತು, ಹೊಟ್ಟೆ ಸರಿಮಾಡಿಕೊಂಡು, ಡಬ್ಬಿಯಲ್ಲಿ ದೊರೆಸಾನಿ ಬಿಟ್ಟುಹೋದ ಕಲ್ಲುಗಳಲ್ಲಿ ಕಂದು ಪಟ್ಟೆಯದ್ದನ್ನು ಆರಿಸಿ ಕಡ್ಡಿಗೆ ಅಂಟಿಸಿದಳು.

ನಾನು ಎದುರಿಗೆ ನೆಲದ ಮೇಲೆ ಕೂತು ಹಗ್ಗದ ಎರಡೂ ತುದಿ ಹಿಡಿದೆ. ಹೊಟ್ಟೆಕಿಚ್ಚು ಆರಿತ್ತೇ ಅಂದರೆ, ಇಲ್ಲ. ಅಷ್ಟು ಹತ್ತಿರದಿಂದ ಆ ಬೆರಳುಗಳನ್ನು ನೋಡುವುದು ಇನ್ನೂ ಕಷ್ಟ. ಆದರೆ ಬಾವಿಕಟ್ಟೆಯಿಂದ ಕಾಣದೆ ಇದ್ದದ್ದೊಂದು ಈಗ ಕಂಡಿತು: ಅವಳು ಕಡ್ಡಿ ತಿರುಗಿಸುತ್ತಿದ್ದದ್ದು ಬೆರಳಿಂದಲ್ಲ, ಮಣಿಕಟ್ಟಿಂದ. ಸಿಟ್ಟಿಗೋ ಖುಷಿಗೋ, ಹಗ್ಗವನ್ನು ಜೋರಾಗಿ ಎಳೆದೆ.

"ಮೆಲ್ಲುಕ್ ಎಳಿ ಪುಸ್ತಕದಣ್ಣ," ಅಂದಳು ಅವಳು. "ಕಲ್ಲು ಕಾಯ್ತದೆ."